ಎಲ್ಲೂ ಹೋಗಬೇಡಿ

ಖಾಸಗಿ ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಲಾಡ್ಜಿನಲ್ಲಿ
ಹನ್ನೊಂದೂವರೆಗೆ ನಾನು ಟೀವಿಯ ಬಾಯಿ ಮುಚ್ಚುತ್ತೇನೆ.
ನೂರಾ ಒಂದರವರು ದೂರು ಕೊಟ್ಟಿದ್ದರು, ಆರು ವರ್ಷದ ಹಿಂದೆ.
ಅವರು ಹೋದರು. ದೂರು ಉಳಿದಿದೆ.

ಸದ್ದಿಲ್ಲದೆ ಬರುತ್ತಾನೆ ಸುಧನ್ವ,
ಮೆಟ್ಟಿಲಿಳಿಯುತ್ತ, ಕೋಟಿನ ಗುಂಡಿ ಹಾಕಿಕೊಳ್ಳುತ್ತ,
ಯಾರಿಗೋ ಕೈ ಬೀಸುತ್ತ.
ಆ ಯಾರೋ ನಾನಿರಬಹುದೆಂದು
ಮೊದಮೊದಲು ನಾನೂ ಅರ್ಧ ಕೈ ಎತ್ತಿದ್ದುಂಟು,
ರೂಮ್‌ಬಾಯ್ ಹುಚ್ಚರಾಯಪ್ಪ ನೋಡಿದನೆಂದು
ಅದೇ ಕೈಯಲ್ಲಿ ತಲೆ ಕೆರೆದುಕೊಂಡಿದ್ದೂ ಉಂಟು.

ಸದ್ದಿಲ್ಲದೆ ನೋಡಿದರೆ ಕಸುಬು ತಿಳಿಯುತ್ತದೆ.
ಅವನ ಮುಂದಿನ ಲೋಟದಲ್ಲಿ ಏನೂ ಇಲ್ಲ;
ಇದ್ದಿದ್ದರೆ ಎತ್ತುವಾಗ ಮಣಿಕಟ್ಟು ಹೇಳುತ್ತಿತ್ತು,
ಇಪ್ಪತ್ತು ಕೋಣೆಗೆ ಟೀ ಹೊತ್ತವನಿಗೆ ಅಷ್ಟೂ ಗೊತ್ತಾಗದೆ?
ಕೈಯಲ್ಲಿರುವ ಚೀಟಿಗಳನ್ನು ಅವನು ಓದುವುದಿಲ್ಲ,
ಇಸ್ಪೀಟಿನ ಎಲೆಯ ಹಾಗೆ ಜೋಡಿಸುತ್ತಾನೆ, ಅಷ್ಟೆ.
ಎದುರಿಗಿರುವವರ ಮಾತು ನಿಂತರೆ
ಮುಂದಿನ ಪ್ರಶ್ನೆಗೆ ಹಾರುವುದಿಲ್ಲ.
ಸ್ವಲ್ಪ ಬಾಗುತ್ತಾನೆ.
ಗಲ್ಲಕ್ಕೆ ಒಂದು ಬೆರಳು.
ಕಾಯುತ್ತಾನೆ.
ಆಗ ಅವರ ಮುಖ, ಸಿನಿಮಾದವರದಾಗಲಿ ಮಂತ್ರಿಯದಾಗಲಿ,
ನೆನೆಹಾಕಿದ ಅವಲಕ್ಕಿಯ ಹಾಗೆ ಮೆತ್ತಗಾಗುತ್ತದೆ.
ಅವನ ತುಟಿಯಲ್ಲಿ ನನಗೆ ಓದಲು ಬರುವುದು ಎರಡೇ ಮಾತು.
ಒಂದು, "ಆಮೇಲೆ?"
ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ನನ್ನ ರಿಜಿಸ್ಟರಿನಲ್ಲೂ ಪ್ರಶ್ನೆಗಳಿವೆ.
ಹೆಸರು, ವಯಸ್ಸು, ಎಲ್ಲಿಂದ, ಯಾಕೆ, ಎಷ್ಟು ದಿನ.
ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ,
"ಯಾಕೆ" ಎಂಬಲ್ಲಿ ಎಲ್ಲರೂ ಬರೆಯುವುದು: ಸ್ವಂತ ಕೆಲಸ.
ಕೋರ್ಟಿಗೆ ಬಂದ ಸೊರಬದ ಅಣ್ಣತಮ್ಮಂದಿರು,
ಬೇರೆ ಬೇರೆ ಕೋಣೆ, ಒಂದೇ ಸ್ವಂತ ಕೆಲಸ.
ಆಸ್ಪತ್ರೆಯಲ್ಲಿ ಅಳಿಯನನ್ನು ಮಲಗಿಸಿ ಬಂದವರು, ಸ್ವಂತ ಕೆಲಸ.
ಮಿಕ್ಸಿಯ ಬ್ಲೇಡು ಮಾರುವ ಹರಿಹರದ ಖಲಂದರ್ ಸಾಹೇಬರು
ತಿಂಗಳಿಗೆರಡು ಸಲ.
ನಾನು ಬಾಗಿದ್ದಿಲ್ಲ.
ಕೀಲಿ ಕೊಟ್ಟಿದ್ದೇನೆ, ಬಿಸಿನೀರು ಆರರಿಂದ ಎಂದಿದ್ದೇನೆ.

ಹೋದ ಚಳಿಗಾಲ ಇನ್ನೂರ ನಾಲ್ಕಕ್ಕೆ
ಲೈಟು ಹಿಡಿಯುವ ಹುಡುಗನೊಬ್ಬ ಬಂದ, ಅದೇ ಚಾನೆಲ್ಲಿನವನು,
ಸಕ್ರೆಬೈಲಿನ ಆನೆಗಳ ಚಿತ್ರೀಕರಣಕ್ಕೆ.
ಟೀವಿ ನೋಡಿ ನಕ್ಕ.
"ಇದಾ ಸಾರ್? ಮಧ್ಯಾಹ್ನ ಮೂರಕ್ಕೆ ಮಾಡ್ತೀವಿ.
ಒಂದೇ ದಿನಕ್ಕೆ ನಾಲ್ಕು ರಾತ್ರಿ. ಕೋಟು ಮಾತ್ರ ಬದಲು.
ಹಿಂದೆ ಊರಿನ ದೀಪ ಕಾಣ್ತಾವಲ್ಲ, ಫ್ಲೆಕ್ಸು."

ಆ ವಾರ ಟೀವಿ ಹಾಕಲಿಲ್ಲ.
ಫ್ಯಾನು ಒಂದು ಸುತ್ತಿಗೊಮ್ಮೆ ಕೆಮ್ಮುವುದು ಗೊತ್ತಾಯಿತು.
"ನಿಮ್ಮೋರಿಗೆ ಹುಷಾರಿಲ್ವಾ?" ಎಂದ ಹುಚ್ಚರಾಯಪ್ಪ.
ನಾಲ್ಕೂವರೆಗೆ ಹಾಲಿನ ಕ್ರೇಟು ಬಂತು.
ಇವತ್ತಿನ ಹಾಲು. ಕರೆದದ್ದು ನಿನ್ನೆಯೋ ಮೊನ್ನೆಯೋ.
ಕಾಯಿಸಿದರೆ ಉಕ್ಕುತ್ತದಲ್ಲ, ಎಂದುಕೊಂಡೆ.
ಸಂಜೆ ರಿಮೋಟಿಗೆ ಹೊಸ ಸೆಲ್ಲು ತಂದೆ.

ಮೊನ್ನೆ ಹನ್ನೆರಡು ನಲವತ್ತಕ್ಕೆ ಒಬ್ಬಾಕೆ,
ಕೈಯಲ್ಲಿ ಬರೀ ಒಂದು ವೈರಿನ ಬುಟ್ಟಿ.
ದೇವೀರಮ್ಮ. ಐವತ್ತೆರಡು. ರಿಪ್ಪನ್‌ಪೇಟೆ.
"ಯಾಕೆ" ಬಂದಲ್ಲಿ ಪೆನ್ನು ನಿಂತಿತು.
ಗೋಡೆಯ ಮೇಲೆ ಸುಧನ್ವ ಯಾರಿಗೋ ಬಾಗಿದ್ದ.
ನನ್ನ ಬೆರಳು ತಾನಾಗೇ ಗಲ್ಲಕ್ಕೆ ಹೋಯಿತು.
ಕಾಯ್ದೆ.
"ಸಾರಿಗೆ ಉಪ್ಪು ಜಾಸ್ತಿ ಅಂದ್ರು," ಎಂದರು.
"ಆಮೇಲೆ?"
"ಒಲೆ ಆರಿಸಿ ಬಸ್ ಹತ್ತಿದೆ.
ಮೂವತ್ತು ವರ್ಷದಲ್ಲಿ ಒಬ್ಬಳೇ ಹತ್ತಿದ್ದು ಇದೇ."
"ಆಮೇಲೆ?"
ಆಯನೂರು ದಾಟುವಾಗ ನಗು ಬಂತಂತೆ, ತಡೆಯಲಾಗದಷ್ಟು,
ಕಂಡಕ್ಟರು ಚಿಲ್ಲರೆ ಕೊಡುವುದನ್ನೇ ಮರೆತನಂತೆ.
ಊರು ಸೇರಿದ ಮೇಲೆ ಬೆಂಚಿನಲ್ಲಿ ಕೂತೇ ಇದ್ದರಂತೆ,
ಸಾರು ಚೆಲ್ಲಿದರೋ ಉಂಡರೋ ಎಂದು ಯೋಚಿಸುತ್ತ.

ಅಷ್ಟರಲ್ಲಿ ವಿರಾಮ. ಸುಧನ್ವ ನಮ್ಮತ್ತ ಬೆರಳು ತೋರಿಸಿ ಏನೋ ಅಂದ.
"ಏನಂತಾನೆ ಅವ್ನು?"
"ಎಲ್ಲೂ ಹೋಗಬೇಡಿ, ಅಂತಾನೆ."
"ಯಾರಿಗೆ?"
ಬಂದವರೆಲ್ಲ ಹನ್ನೊಂದಕ್ಕೆ ಕೋಣೆ ಬಿಡುವ ಜಾಗದಲ್ಲಿ
ನನಗೆ ಹಾಗೆಂದವನು ಅವನೊಬ್ಬನೇ.
ಅದನ್ನು ಹೇಗೆ ಹೇಳಲಿ? ಬಿಸಿನೀರು ಆರರಿಂದ ಎಂದೆ.

ಆಕೆ ಮೆಟ್ಟಿಲು ಹತ್ತಿದ ಮೇಲೆ ನೋಡಿದೆ:
"ಯಾಕೆ" ಎಂಬಲ್ಲಿ ದುಂಡಗೆ ಬರೆದಿದ್ದಾರೆ, ಉಪ್ಪು.

ತಿಂಗಳಿಗೊಮ್ಮೆ ಪೊಲೀಸಿನವರು ಬಂದು ಈ ಪುಟ ತಿರುವುತ್ತಾರೆ.
ಏನಿದು ಎಂದು ಕೇಳಬಹುದು.
ಕೇಳಲಿ.
ಕಾಯುತ್ತಾರಾ, ನೋಡೋಣ.